ನಾಯಕನ ಮೈ, ಮಗನ ಕನ್ನಡಿ



ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ, ಅವರು ಹರೆಯದಲ್ಲಿ ಮೆಚ್ಚಿದ ಸಿನಿಮಾ ನಾಯಕ ಯಾರೆಂದು ಒಮ್ಮೆ ಕೇಳಿ ನೋಡಿ. ಹೆಸರು ಹೇಳಿದ ಮೇಲೆ, ಆತನಲ್ಲಿ ಮೆಚ್ಚಿದ್ದೇನೆಂದೂ ಕೇಳಿ. ದನಿ ಎನ್ನುವರು, ಮುಖದ ಕಳೆ ಎನ್ನುವರು, ಮಾತಿನ ಸ್ಪಷ್ಟತೆ, ನಡೆಯ ಗಾಂಭೀರ್ಯ, ತಾಯಿಯ ಕಾಲಿಗೆರಗುವ ವಿನಯ ಎನ್ನುವರು. ಆತನ ಹೊಟ್ಟೆ ಚಪ್ಪಟೆಯಾಗಿತ್ತೋ ಮುಂದೆ ಬಂದಿತ್ತೋ ಎಂಬುದು ಅವರಿಗೆ ನೆನಪೇ ಇರಲಾರದು. ಅದೇ ಪ್ರಶ್ನೆಯನ್ನು ಮೊಮ್ಮಗನಿಗೆ ಕೇಳಿ. ‘ಬಾಡಿ’ ಎಂಬ ಒಂದೇ ಪದದಲ್ಲಿ ಉತ್ತರ ಮುಗಿದೀತು. ಒಂದೇ ಸೂರಿನಡಿಯಲ್ಲಿ ಬಾಳುವ ಈ ಇಬ್ಬರ ಉತ್ತರಗಳ ನಡುವೆ ಅರ್ಧ ಶತಮಾನದ ಅಂತರವಿದೆ. ಈ ಅವಧಿಯಲ್ಲಿ ಏನಾಯಿತು, ಅದು ನಮ್ಮ ಮಕ್ಕಳನ್ನು ಎತ್ತ ಕೊಂಡೊಯ್ಯುತ್ತಿದೆ ಎಂಬುದನ್ನು ನಿಮ್ಮೊಡನೆ ಕೂಡಿ ಯೋಚಿಸಬೇಕೆಂದಿದ್ದೇನೆ. ಗುರುವೊಬ್ಬ ಸಿನಿಮಾ ನಾಯಕರ ಮೈಕಟ್ಟಿನ ಬಗ್ಗೆ ಬರೆಯುವುದೇ ಎಂದು ಹುಬ್ಬೇರಿಸದಿರಿ. ದೇವರ ಪುತ್ರನೇ ಮಾನವ ದೇಹವನ್ನು ಧರಿಸಿ ಬಂದನೆಂದು ಸಾರುವ ಧರ್ಮಸಭೆಗೆ ದೇಹದ ವಿಚಾರ ಹೊರಗಿನದಲ್ಲ.

ಕನ್ನಡ ಚಿತ್ರರಂಗ ಬೆಳೆದದ್ದು ಕಂಪನಿ ನಾಟಕಗಳ ಮಡಿಲಲ್ಲಿ. ಧ್ವನಿವರ್ಧಕ ಬರುವುದಕ್ಕೆ ಮುಂಚೆ ನಾಟಕದ ನಟನಿಗೆ ಮೊದಲು ಬೇಕಾಗಿದ್ದುದು ಕಂಠ. ಕಡೆಯ ಸಾಲಿನಲ್ಲಿ ಚಾಪೆ ಹಾಸಿ ಕುಳಿತವನಿಗೂ ಕಂದಪದ್ಯ ಕೇಳಿಸಬೇಕಿತ್ತು. ಕಿರೀಟ, ಭುಜಕೀರ್ತಿ, ಜರತಾರಿ ಉಡುಪುಗಳ ಒಳಗೆ ಮೈ ಹೇಗಿದೆ ಎಂದು ಕೇಳುವವರು ಯಾರು? ತುಂಬಿದ ಮೈಯೇ ರಾಜಕಳೆ ಎನಿಸಿಕೊಂಡಿದ್ದ ಕಾಲವದು. ಹಸಿವನ್ನು ಬಲ್ಲ ನಾಡಿನಲ್ಲಿ ಮೈತುಂಬಿದವನು ಉಂಡವನು, ಉಳ್ಳವನು, ನಾಲ್ಕು ಜನಕ್ಕೆ ಬಡಿಸಬಲ್ಲವನು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದ ಮುತ್ತುರಾಜರು 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದ ಮೂಲಕ ರಾಜಕುಮಾರ್ ಆಗಿ ತೆರೆಗೆ ಬಂದರು. ಬೇಡನ ಪಾತ್ರವಾದ್ದರಿಂದ ಎದೆ ತೋಳುಗಳು ಬರಿದಾಗಿಯೇ ಇದ್ದವು. ಆದರೆ ಆ ಮೈಯನ್ನು ನೋಡಲೆಂದು ಯಾರೂ ಟಿಕೆಟು ಕೊಂಡಿರಲಿಲ್ಲ. ಜನರು ನೋಡಲು ಹೋದದ್ದು ಒಬ್ಬ ಭಕ್ತನನ್ನು.

ಹಾಗೆಂದು ಹಿಂದಿನವರು ದೇಹವನ್ನು ಕಡೆಗಣಿಸಿದ್ದರೆಂದು ಭಾವಿಸಬಾರದು. ನಮ್ಮ ಮೈಸೂರು ಸೀಮೆಯ ಗರಡಿಮನೆಗಳು ಸಾಮು ಮಾಡುವವರಿಂದ ತುಂಬಿರುತ್ತಿದ್ದವು. ಕೆಮ್ಮಣ್ಣಿನ ಮಟ್ಟಿಯಲ್ಲಿ ದಂಡ, ಬಸ್ಕಿ ಹೊಡೆದು ಬೆಳೆದ ಪೈಲ್ವಾನರಿಗೆ ಊರಿನಲ್ಲಿ ಮರ್ಯಾದೆಯಿತ್ತು. ಹಿಂದಿಯಲ್ಲಿ ಕುಸ್ತಿಪಟು ದಾರಾ ಸಿಂಗ್ ನಾಯಕರಾಗಿ ಮೆರೆದರು. 1966ರ ‘ಫೂಲ್ ಔರ್ ಪತ್ಥರ್’ ಚಿತ್ರದಲ್ಲಿ ಅಂಗಿ ಕಳಚಿದ ಧರ್ಮೇಂದ್ರರ ದೃಶ್ಯ ಮಾತಿಗೆ ವಸ್ತುವಾಯಿತು. ರಾಜಕುಮಾರರೂ ಯೋಗಾಭ್ಯಾಸ ಮಾಡುತ್ತಿದ್ದರು. 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ಐವತ್ತು ದಾಟಿದ ಆ ನಟರು ಕಠಿಣವಾದ ಆಸನಗಳನ್ನು ಲೀಲಾಜಾಲವಾಗಿ ಮಾಡಿದ್ದನ್ನು ಕಂಡು, ಆಗ ಶಾಲಾ ಬಾಲಕನಾಗಿದ್ದ ನಾನೂ ನನ್ನ ಗೆಳೆಯರೂ ಮನೆಯ ಚಾಪೆಯ ಮೇಲೆ ಕೈಕಾಲು ತಿರುಚಿಕೊಂಡದ್ದುಂಟು. ಆದರೆ ಗಮನಿಸಿ, ಅಲ್ಲಿ ನಮಗೆ ಬೆರಗಾಗಿ ಕಂಡದ್ದು ಆ ದೇಹ ಏನು ಮಾಡಬಲ್ಲದು ಎಂಬುದು. ಅದು ಹೇಗೆ ಕಾಣುತ್ತದೆ ಎಂಬುದು ಆಮೇಲಿನ ಮಾತಾಗಿತ್ತು.

ಈ ಕ್ರಮ ತಲೆಕೆಳಗಾದದ್ದು 1990ರ ದಶಕದ ನಂತರ. ಉಪಗ್ರಹ ವಾಹಿನಿಗಳು ಮನೆಮನೆಗೆ ಬಂದವು. ಹೊರದೇಶದ ಚಿತ್ರಗಳೂ ಜಾಹೀರಾತುಗಳೂ ನಡುಮನೆಯೊಳಗೆ ಕುಳಿತವು. ಗರಡಿಯ ಜಾಗದಲ್ಲಿ ನಾಲ್ಕು ಕಡೆಯೂ ಕನ್ನಡಿ ಹೊತ್ತ ಜಿಮ್ ಬಂತು. ಈ ಕನ್ನಡಿಯ ಮಾತನ್ನು ನೆನಪಿಡಿ. ಗರಡಿಯಲ್ಲಿ ಪೈಲ್ವಾನನ ಎದುರಿಗೆ ಇನ್ನೊಬ್ಬ ಪೈಲ್ವಾನನಿರುತ್ತಿದ್ದ, ಜಿಮ್ಮಿನಲ್ಲಿ ಅವನ ಎದುರಿಗೆ ಅವನೇ ಇರುತ್ತಾನೆ. 1998ರ ಹಿಂದಿ ಚಿತ್ರವೊಂದರಲ್ಲಿ ಸಲ್ಮಾನ್ ಖಾನ್ ಅಂಗಿಯಿಲ್ಲದೆ ಗಿಟಾರು ಹಿಡಿದು ಹಾಡಿದರು. 2000ದಲ್ಲಿ ಹೃತಿಕ್ ರೋಷನ್ ನಾಯಕರಾದ ಮೊದಲ ಚಿತ್ರದಲ್ಲೇ ಕಡೆದಿಟ್ಟಂತಹ ತೋಳುಗಳೊಂದಿಗೆ ಬಂದರು. ಮೃದು ಸ್ವಭಾವದ ಪ್ರೇಮಿಯಾಗಿ ಹೆಸರಾಗಿದ್ದ ಶಾರುಖ್ ಖಾನ್ 2007ರ ‘ಓಂ ಶಾಂತಿ ಓಂ’ ಚಿತ್ರದ ಹಾಡೊಂದಕ್ಕಾಗಿ, ನಲವತ್ತು ದಾಟಿದ ವಯಸ್ಸಿನಲ್ಲಿ ‘ಸಿಕ್ಸ್ ಪ್ಯಾಕ್’ ಬೆಳೆಸಿದರು. ಮರುವರ್ಷವೇ ‘ಗಜಿನಿ’ಯಲ್ಲಿ ಆಮಿರ್ ಖಾನ್, ತಮಿಳಿನ ‘ವಾರಣಂ ಆಯಿರಂ’ನಲ್ಲಿ ಸೂರ್ಯ ಅದೇ ಹಾದಿ ಹಿಡಿದರು. ಕನ್ನಡದಲ್ಲಿ 2007ರ ‘ದುನಿಯಾ’ ಚಿತ್ರದಿಂದ ಹೆಸರಾದ ವಿಜಯ್ ಅವರ ಗುರುತೇ ಅವರ ದೃಢಕಾಯ. 2019ರ ‘ಪೈಲ್ವಾನ್’ ಚಿತ್ರಕ್ಕಾಗಿ ಸುದೀಪ್ ಕುಸ್ತಿಪಟುವಿನ ಮೈ ಪಡೆದದ್ದೇ ಆ ಚಿತ್ರದ ದೊಡ್ಡ ಸುದ್ದಿಯಾಯಿತು. ಹಿಂದೆ ಖಳನ ಕಡೆಯವರಿಗಷ್ಟೇ ಮೀಸಲಾಗಿದ್ದ ಉಬ್ಬಿದ ಸ್ನಾಯುಗಳು ಈಗ ನಾಯಕನಿಗೂ ಕಡ್ಡಾಯವಾದವು.

ಹಾಲಿವುಡ್ಡಿನಲ್ಲಿಯೂ ನಡೆದದ್ದು ಇದೇ. ಹ್ಯೂ ಜ್ಯಾಕ್‌ಮನ್ ಎಂಬ ನಟ 2000ದಲ್ಲಿಯೂ 2013ರಲ್ಲಿಯೂ ವುಲ್ವರಿನ್ ಎಂಬ ಒಂದೇ ಪಾತ್ರವನ್ನು ಮಾಡಿದರು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ವಯಸ್ಸು ಹದಿಮೂರು ವರ್ಷ ಮುಂದೆ ಹೋಗಿದ್ದರೂ ಮೈಯ ಸ್ನಾಯುಗಳು ಎರಡರಷ್ಟಾಗಿರುವಂತೆ ಕಾಣುತ್ತದೆ. ಪಾತ್ರ ಬದಲಾಗಿರಲಿಲ್ಲ, ನೋಡುವವರ ನಿರೀಕ್ಷೆ ಬದಲಾಗಿತ್ತು. ಮಕ್ಕಳ ಆಟದ ಗೊಂಬೆಗಳೂ ಇದಕ್ಕೆ ಹೊರತಾಗಲಿಲ್ಲ. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ (ಹೆಸರಿನಲ್ಲಿ ಮಾತ್ರ ಪೋಪ್!) ಮತ್ತು ಸಂಗಡಿಗರು ಹುಡುಗರು ಆಡುವ ಸೈನಿಕ ಗೊಂಬೆಗಳ ಅಳತೆ ತೆಗೆದು, ಸುಮಾರು ಮೂವತ್ತು ವರ್ಷಗಳಲ್ಲಿ ಅವುಗಳ ತೋಳು ಎದೆಗಳು ಹೇಗೆ ಉಬ್ಬುತ್ತಾ ಬಂದವೆಂಬುದನ್ನು 1999ರಲ್ಲಿ ಪ್ರಕಟಿಸಿದರು. ಅಂದರೆ ಮಗು ಸಿನಿಮಾ ಮಂದಿರಕ್ಕೆ ಹೋಗುವ ಮೊದಲೇ ಪಾಠ ಆರಂಭವಾಗಿರುತ್ತದೆ.

ತೆರೆಯ ಮೇಲಿನ ಆ ಮೈ ಹೇಗೆ ಸಿದ್ಧವಾಗುತ್ತದೆಂಬುದನ್ನು ತಂದೆತಾಯಿಗಳು ತಿಳಿದಿರಬೇಕು. ಎದೆಗೂಡಿನಿಂದ ಕಿಬ್ಬೊಟ್ಟೆಯವರೆಗೆ ಇಳಿಯುವ ನೀಳವಾದ ಸ್ನಾಯು ನಮ್ಮೆಲ್ಲರಿಗೂ ಉಂಟು, ನನಗೂ ಉಂಟು! ಅದಕ್ಕೆ ಅಡ್ಡಲಾಗಿ ಬಿಗಿದ ನಾರಿನ ಪಟ್ಟಿಗಳು ಹುಟ್ಟಿನಿಂದಲೇ ಇರುತ್ತವೆ. ಆ ಪಟ್ಟಿಗಳ ನಡುವೆ ಸ್ನಾಯು ಉಬ್ಬಿ ಕಾಣುವುದೇ ಸಿಕ್ಸ್ ಪ್ಯಾಕ್. ಕೆಲವರಿಗೆ ನಾಲ್ಕು, ಕೆಲವರಿಗೆ ಎಂಟು ಕಾಣುವುದು ಹುಟ್ಟಿನ ರಚನೆಯಿಂದಲೇ ಹೊರತು ಕೇವಲ ಶ್ರಮದಿಂದಲ್ಲ. ಚರ್ಮದಡಿಯ ಕೊಬ್ಬು ತೀರಾ ಕಡಿಮೆಯಾದಾಗ ಮಾತ್ರ ಅವು ಹೊರಗೆ ತೋರುತ್ತವೆ. ಅದಕ್ಕಾಗಿ ನಟನು ತಿಂಗಳುಗಟ್ಟಲೆ ಅಳೆದು ಉಣ್ಣುತ್ತಾನೆ. ಚಿತ್ರೀಕರಣದ ದಿನ ಹತ್ತಿರವಾದಂತೆ ಉಪ್ಪು ನೀರುಗಳನ್ನೂ ಕಡಿಮೆ ಮಾಡುವುದುಂಟು. ನೀರಿಲ್ಲದೆ ಬಾಡಿದ ಚರ್ಮ ಸ್ನಾಯುವಿಗೆ ಅಂಟಿಕೊಂಡಾಗ ಗೆರೆಗಳು ಎದ್ದು ಕಾಣುತ್ತವೆ. ಆ ಮೇಲೆ ಎಣ್ಣೆ, ಬೆಳಕಿನ ಓರೆ, ಕಂಪ್ಯೂಟರಿನ ತಿದ್ದುಪಡಿ. ಕೆಲವು ದಿನಗಳಲ್ಲಿ ಆ ರೂಪ ಮಾಸುತ್ತದೆ. 2016ರ ‘ದಂಗಲ್’ ಚಿತ್ರಕ್ಕಾಗಿ ಆಮಿರ್ ಖಾನ್ ಸುಮಾರು 97 ಕಿಲೋ ತೂಕಕ್ಕೆ ಏರಿ, ಮತ್ತೆ ಇಳಿದು, ಮೈ ಹುರಿಗೊಳಿಸಿದರು. ಅವರ ಬೆನ್ನಿಗೆ ತರಬೇತುದಾರರಿದ್ದರು, ಆಹಾರ ತಜ್ಞರಿದ್ದರು, ಬಿಡುವಿತ್ತು, ಹಣವಿತ್ತು. ಅದು ಅವರ ಉದ್ಯೋಗದ ಭಾಗವೂ ಆಗಿತ್ತು. ಕಾಲೇಜು ಮುಗಿಸಿ ಸಂಜೆ ಅರೆಕಾಲಿಕ ದುಡಿಮೆಗೆ ಹೋಗುವ ನಮ್ಮ ಹುಡುಗನಿಗೆ ಇವುಗಳಲ್ಲಿ ಯಾವುದಿದೆ?

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಕುಟುಂಬವೊಂದನ್ನು ಸಂದರ್ಶಿಸಲು ಹೋಗಿದ್ದೆ. ತಂದೆ ಮಂಡಿಯಲ್ಲಿ ಮೂಟೆ ಹೊರುವವರು. ತಾಯಿ ಕಾಫಿ ತಂದಿಟ್ಟು ಮೆಲ್ಲಗೆ ಹೇಳಿದರು: “ಫಾದರ್, ನನ್ನ ಮಗ ನಮ್ಮ ಜೊತೆ ಊಟಕ್ಕೆ ಕೂತು ಎಂಟು ತಿಂಗಳಾಯಿತು.” ಮಗ ಅನ್ನ ಮುಟ್ಟುವುದಿಲ್ಲ. ಬೇಯಿಸಿದ ಮೊಟ್ಟೆಯ ಬಿಳಿಯನ್ನೂ ಕೋಳಿಯ ತುಂಡನ್ನೂ ತೂಕ ಮಾಡಿ ತನ್ನ ಕೋಣೆಯಲ್ಲಿ ಒಬ್ಬನೇ ತಿನ್ನುತ್ತಾನೆ. ಕ್ರಿಸ್ತಜಯಂತಿಯ ಕರ್ಜಿಕಾಯಿಯನ್ನೂ ಬಾಯಿಗಿಡಲಿಲ್ಲ. ಅವನು ತರಿಸುವ ಪ್ರೋಟೀನ್ ಪುಡಿಯ ಒಂದು ಡಬ್ಬದ ಬೆಲೆಯಲ್ಲಿ ಮನೆಯವರು ತಿಂಗಳ ಅಕ್ಕಿ ಕೊಳ್ಳಬಹುದಿತ್ತು. ಇತ್ತೀಚೆಗೆ ಹಾಸಿಗೆಯಡಿ ಸೂಜಿಯೊಂದು ಸಿಕ್ಕಿ, ಆ ತಾಯಿ ರಾತ್ರಿಯೆಲ್ಲ ನಿದ್ರಿಸಿರಲಿಲ್ಲ.

ಮಗನೊಡನೆ ಮಾತನಾಡಿದೆ. ಒಳ್ಳೆಯ ಹುಡುಗ, ಕುಡಿಯುವವನಲ್ಲ, ಪೋಲಿಯಲ್ಲ. ಫೋನಿನಲ್ಲಿ ನೆಚ್ಚಿನ ನಾಯಕನ ಚಿತ್ರವನ್ನೂ ತನ್ನ ಚಿತ್ರವನ್ನೂ ಜೋಡಿಸಿಟ್ಟುಕೊಂಡಿದ್ದ. ಪ್ರತಿವಾರ ಹೊಸದೊಂದು ಚಿತ್ರ. ಯಾರು ನೋಡಿದರೂ ಗಟ್ಟಿಮುಟ್ಟಾದ ಯುವಕನೆನ್ನುವ ಮೈ. ಆದರೂ ಅವನೆಂದ: “ಇನ್ನೂ ಸಾಲದು ಫಾದರ್. ಅಂಗಿ ತೆಗೆಯುವುದಕ್ಕೆ ನಾಚಿಕೆಯಾಗುತ್ತದೆ.” ಅಪ್ಪನ ಮಾತು ಬಂದಾಗ ಅವನ ದನಿಯಲ್ಲಿ ಬೇಸರ ಇಣುಕಿತು. ಅಪ್ಪನಿಗೆ ಹೊಟ್ಟೆಯಿದೆ, ನಾಲ್ಕು ಜನರ ಮುಂದೆ ಅವರೊಡನೆ ನಿಲ್ಲಲು ಮುಜುಗರ. ನನಗೆ ನೋವಾದದ್ದು ಆ ಮಾತಿಗೆ. ಮೂವತ್ತು ವರ್ಷ ಮೂಟೆ ಹೊತ್ತ ಆ ಹೆಗಲು, ಆ ಬೆನ್ನು ಮಗನ ಕಣ್ಣಿಗೆ ಬಲವಾಗಿ ಕಾಣಲಿಲ್ಲ. ಏಕೆಂದರೆ ಅದರ ಮೇಲೆ ಯಾರೂ ಬೆಳಕು ಬಿಟ್ಟು ಚಿತ್ರ ತೆಗೆದಿರಲಿಲ್ಲ.

ಎಷ್ಟು ಬೆಳೆದರೂ ತಾನು ಸಣಕಲೆಂದೇ ನಂಬುವ ಈ ಮನಃಸ್ಥಿತಿಗೆ ವೈದ್ಯಕೀಯದಲ್ಲಿ ಹೆಸರಿದೆ. ಮೇಲೆ ಹೇಳಿದ ಮನೋವೈದ್ಯರೇ 1990ರ ದಶಕದಲ್ಲಿ ಇದನ್ನು ‘ಮಸಲ್ ಡಿಸ್ಮಾರ್ಫಿಯಾ’ ಎಂದು ಕರೆದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ರೋಗ ವರ್ಗೀಕರಣದಲ್ಲಿಯೂ ಅದಕ್ಕೆ ಸ್ಥಾನ ದೊರೆಯಿತು. ಇದು ಕೇವಲ ಶೋಕಿಯೂ ಅಲ್ಲ, ಬೈದು ಬಿಡಿಸಬಹುದಾದ ಹಟವೂ ಅಲ್ಲ. ಇನ್ನು ಆ ಸೂಜಿಯ ಮಾತು. ಅನಬಾಲಿಕ್ ಸ್ಟೀರಾಯ್ಡುಗಳು ಸ್ನಾಯುವನ್ನು ಬೇಗನೆ ಉಬ್ಬಿಸುತ್ತವೆ. ಆದರೆ ಹೊರಗಿನಿಂದ ಬಂದ ಪುರುಷ ಹಾರ್ಮೋನನ್ನು ಕಂಡು ದೇಹವು ತಾನೇ ತಯಾರಿಸುವುದನ್ನು ನಿಲ್ಲಿಸುತ್ತದೆ. ಸಂತಾನಶಕ್ತಿ ಕುಗ್ಗಬಹುದು, ಹೃದಯದ ಗೋಡೆ ದಪ್ಪಗಾಗಬಹುದು, ಯಕೃತ್ತು ಕೆಡಬಹುದು, ಸಿಟ್ಟು ಖಿನ್ನತೆಗಳು ಹೆಚ್ಚಬಹುದು. ಗಂಡಸುತನವನ್ನು ತೋರಿಸಲೆಂದು ಚುಚ್ಚಿಕೊಂಡದ್ದು ಗಂಡಸುತನವನ್ನೇ ಕಸಿಯುವುದೆಂದರೆ ಇದಕ್ಕಿಂತ ದೊಡ್ಡ ಮೋಸವುಂಟೇ?

ದೇಹದ ತೋರಿಕೆ ಒಂದು, ದೇಹದ ಸಾಮರ್ಥ್ಯ ಇನ್ನೊಂದು ಎಂಬುದನ್ನು ನಾಡಿಗೆ ಕಲಿಸಿದ ಒಂದು ದುರಂತವನ್ನು ನೋವಿನಿಂದಲೇ ನೆನೆಯುತ್ತೇನೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರದ ಚಿತ್ರೀಕರಣದ ವೇಳೆ ಹೆಲಿಕಾಪ್ಟರಿನಿಂದ ನೀರಿಗೆ ಧುಮುಕಿದ ಅನಿಲ್ ಮತ್ತು ಉದಯ್ ಎಂಬ ಯುವನಟರಿಬ್ಬರು ಮುಳುಗಿ ತೀರಿಕೊಂಡರು. ಕಷ್ಟಪಟ್ಟು ಬೆಳೆಸಿದ ಕಟ್ಟುಮಸ್ತಾದ ಮೈಯೇ ಅವರಿಗೆ ಅವಕಾಶ ತಂದಿತ್ತು. ತಮಗೆ ಈಜು ಅಷ್ಟಾಗಿ ಬಾರದೆಂದು ಅವರು ಮೊದಲೇ ವರದಿಗಾರರೆದುರು ಹೇಳಿಕೊಂಡಿದ್ದರು. ಆ ಮೈ ನೋಡಿದವರಿಗೆ ಇವರಿಗೇನಾದೀತು ಎನಿಸಿರಬಹುದು. ನೀರು ಮೈಕಟ್ಟು ನೋಡುವುದಿಲ್ಲ. ಅವರ ಆತ್ಮಗಳಿಗೆ ಶಾಂತಿ ದೊರೆಯಲಿ.

ಇದೇ ರೀತಿ, 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ಹೃದಯಾಘಾತದಿಂದ 46ನೆಯ ವಯಸ್ಸಿನಲ್ಲಿ ನಿಧನರಾದಾಗ ಕರ್ನಾಟಕವೇ ಕಂಗೆಟ್ಟಿತು. ದೇಹದಾರ್ಢ್ಯಕ್ಕೆ ಮಾದರಿಯೆನಿಸಿದವರಿಗೇ ಹೀಗಾಯಿತೆಂದು ಯುವಕರು ಹೃದಯ ತಪಾಸಣೆಗಾಗಿ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಹಲವರು ಜಿಮ್ಮಿಗೆ ಹೋಗುವುದನ್ನೇ ಬಿಟ್ಟರು. ಅವರ ಸಾವಿಗೆ ವ್ಯಾಯಾಮವೇ ಕಾರಣವೆಂದು ಹೇಳುವುದು ಸಲ್ಲದು. ಆದರೆ ಹೊರಗಿನ ಮೈಯನ್ನು ನೋಡಿ ಒಳಗಿನ ಆಯುಸ್ಸನ್ನು ಅಳೆಯಲಾಗದು ಎಂಬ ಹಳೆಯ ಸತ್ಯ ಅಂದು ಎಲ್ಲರ ಎದೆಗೂ ತಾಗಿತು.

ಪವಿತ್ರ ಗ್ರಂಥವನ್ನು ತೆರೆದರೆ ಈ ಅಳತೆಯ ಪ್ರಶ್ನೆ ಅಲ್ಲಿಯೂ ಇದೆ. ಇಸ್ರಯೇಲರ ಮೊದಲ ಅರಸ ಸೌಲನು ಜನರೆಲ್ಲರಿಗಿಂತ ತಲೆಯೆತ್ತರ ಬೆಳೆದ ಸುಂದರಾಂಗ. ಅವನ ಬಳಿಕ ಇನ್ನೊಬ್ಬ ಅರಸನನ್ನು ಆರಿಸಲು ಜೆಸ್ಸೆಯನ ಮನೆಗೆ ಹೋದ ಪ್ರವಾದಿ ಸಮುವೇಲನು ಹಿರಿಯ ಮಗನ ನಿಲುವನ್ನು ಕಂಡೇ ಮರುಳಾದ. ದೇವರು ತಡೆದರು. ಮನುಷ್ಯರು ನೋಡುವುದು ಒಂದನ್ನು, ತಾವು ನೋಡುವುದು ಹೃದಯವನ್ನು ಎಂದು ತಿಳಿಸಿದರು. ಕುರಿ ಕಾಯಲು ಹೋಗಿದ್ದ ಕಿರಿಯವನು ಕರೆ ಪಡೆದ. ಸಂತ ಪೌಲರು ನಮ್ಮ ದೇಹವನ್ನು ಪವಿತ್ರಾತ್ಮರ ಆಲಯವೆಂದು ಕರೆದರು, ಓಟಗಾರನ ಶಿಸ್ತನ್ನು ಹೊಗಳಿದರು, ದೇಹದ ವ್ಯಾಯಾಮಕ್ಕೆ ಅದರದೇ ಆದ ಪ್ರಯೋಜನವಿದೆಯೆಂದೂ ಒಪ್ಪಿದರು. ಆದರೆ ಆಲಯವಿರುವುದು ಅಲ್ಲಿ ನೆಲಸುವವರಿಗಾಗಿ. ಗೋಡೆಗೆ ಬಣ್ಣ ಬಳಿಯುವುದರಲ್ಲೇ ದಿನ ಕಳೆದು ಒಳಗೆ ದೀಪ ಹಚ್ಚದಿದ್ದರೆ ಅದು ಆಲಯವಾದೀತೇ? ಬಾಲಕ ಜಾನ್ ಬೋಸ್ಕೊ ಹಗ್ಗದ ಮೇಲೆ ನಡೆದು, ಲಾಗ ಹಾಕಿ ಊರವರನ್ನು ರಂಜಿಸುತ್ತಿದ್ದ. ಅದಕ್ಕೆ ಅವನು ಕೇಳುತ್ತಿದ್ದ ಕೂಲಿ, ತನ್ನೊಡನೆ ಜಪಸರ ಪ್ರಾರ್ಥಿಸಬೇಕೆಂಬುದು.

ನಮ್ಮ ಕಾಲದಲ್ಲಿ ಈ ಪಾಠವನ್ನು ತಮ್ಮ ಮೈಯಿಂದಲೇ ಕಲಿಸಿದವರು ಸಂತ ಎರಡನೇ ಜಾನ್ ಪೌಲರು. ಹರೆಯದಲ್ಲಿ ಅವರು ರಂಗನಟರು. ಹಿಮದ ಮೇಲೆ ಜಾರುವುದರಲ್ಲಿ, ಬೆಟ್ಟ ಹತ್ತುವುದರಲ್ಲಿ ನುರಿತವರು. ಜಗದ್ಗುರುಗಳಾದ ಮೇಲೆ 1979ರಿಂದ 1984ರವರೆಗೆ ಬುಧವಾರದ ಸಂದರ್ಶನಗಳಲ್ಲಿ ಮಾನವ ದೇಹದ ಅರ್ಥವನ್ನೇ ವಿಷಯವಾಗಿಸಿ ಬೋಧಿಸಿದರು. ದೇಹವೆಂಬುದು ಮನುಷ್ಯನು ತನ್ನನ್ನು ಇನ್ನೊಬ್ಬರಿಗೆ ಕಾಣಿಕೆಯಾಗಿ ಕೊಡುವ ಬಗೆ ಎಂಬುದು ಆ ಬೋಧನೆಯ ತಿರುಳು. ಅದೇ ದೇಹ ಪಾರ್ಕಿನ್ಸನ್ ಕಾಯಿಲೆಯಿಂದ ಬಾಗಿತು. 2005ರ ಮಾರ್ಚ್ 27ರ ಪುನರುತ್ಥಾನದ ಹಬ್ಬದಂದು ಅವರು ಕಿಟಕಿಯ ಬಳಿ ಬಂದು ಮಾತನಾಡಲೆತ್ನಿಸಿದರು. ದನಿ ಹೊರಡಲಿಲ್ಲ. ಕೈಯೆತ್ತಿ ಶಿಲುಬೆಯ ಗುರುತು ಮಾಡಿದರು. ಚೌಕದಲ್ಲಿ ನೆರೆದವರು ಅತ್ತರು. ದೂರದರ್ಶನದ ಮುಂದೆ ಕುಳಿತ ನಾವೂ ಅತ್ತೆವು. ಬಾಗಿದ ಬೆನ್ನನ್ನು, ನಡುಗುವ ಕೈಯನ್ನು ಅವರು ಜಗತ್ತಿನ ಕ್ಯಾಮೆರಾಗಳಿಂದ ಮರೆಮಾಚಲಿಲ್ಲ.

ಹಾಗಾದರೆ ಮಕ್ಕಳನ್ನು ಜಿಮ್ಮಿಗೆ ಕಳುಹಿಸಬಾರದೇ? ಖಂಡಿತ ಕಳುಹಿಸಿ. ಗುರುಮಠದಲ್ಲಿ ನಮಗೆ ಪ್ರತಿ ಸಂಜೆ ಆಟ ಕಡ್ಡಾಯವಾಗಿತ್ತು. ಅದರಿಂದ ಪಡೆದ ಆರೋಗ್ಯವನ್ನು ಇಂದಿಗೂ ಉಣ್ಣುತ್ತಿದ್ದೇನೆ. ಮೊಬೈಲು ಹಿಡಿದು ಮಲಗಿರುವ ಮಗನಿಗಿಂತ ಬೆವರು ಸುರಿಸುವ ಮಗ ಮೇಲು. ಆದರೆ ಕೆಲವನ್ನು ಗಮನಿಸಿರಿ. ಅವನು ಮನೆಯವರೊಡನೆ ಉಣ್ಣುತ್ತಾನೆಯೇ? ಒಂದು ದಿನ ವ್ಯಾಯಾಮ ತಪ್ಪಿದರೆ ಅವನ ಮನಸ್ಸು ಕದಡುತ್ತದೆಯೇ? ಬಿಸಿಲಿನಲ್ಲೂ ದೊಗಲೆ ಬಟ್ಟೆಯಲ್ಲಿ ಮೈ ಮುಚ್ಚಿಕೊಳ್ಳುತ್ತಾನೆಯೇ? ಪುಡಿ, ಗುಳಿಗೆ, ಚುಚ್ಚುಮದ್ದುಗಳ ಸಲಹೆ ಅವನಿಗೆ ಬರುತ್ತಿರುವುದು ವೈದ್ಯರಿಂದಲೋ, ಇನ್ನಾರಿಂದಲೋ? ಅನುಮಾನವಿದ್ದರೆ ಹಂಗಿಸಬೇಡಿ. ವೈದ್ಯರ ಬಳಿಗೆ ಜೊತೆಯಾಗಿ ಹೋಗಿ. ತಮಾಷೆಗೆಂದು ‘ಕಡ್ಡಿ’, ‘ಡುಮ್ಮ’ ಎಂದು ಕರೆಯುವ ಅಭ್ಯಾಸವನ್ನೂ ಮನೆಯಲ್ಲಿ ನಿಲ್ಲಿಸಿ. ಹೆಣ್ಣುಮಕ್ಕಳ ಬಣ್ಣ, ಗಾತ್ರಗಳ ಬಗ್ಗೆ ಆಡುವ ಮಾತು ಎಷ್ಟು ಇರಿಯುತ್ತದೆಂದು ಈಗೀಗ ಅರಿತಿದ್ದೇವೆ. ಗಂಡುಮಕ್ಕಳೂ ಅದನ್ನು ನುಂಗಿಕೊಂಡು ಸುಮ್ಮನಿರುತ್ತಾರೆ, ಅಷ್ಟೇ.

ಆ ಹುಡುಗನನ್ನು ಒಂದು ಶನಿವಾರ ರೋಗಿಗಳಿಗೆ ಪರಮಪ್ರಸಾದ ನೀಡಲು ಹೋಗುವಾಗ ಜೊತೆಗೆ ಕರೆದೊಯ್ದೆ. ಪಾರ್ಶ್ವವಾಯು ಹೊಡೆದು ಮಲಗಿದ್ದ ಹಿರಿಯರೊಬ್ಬರನ್ನು ಹಾಸಿಗೆಯಿಂದ ಕುರ್ಚಿಗೆ ಕೂರಿಸಬೇಕಿತ್ತು. ಅವರ ಮಡದಿಯೂ ನಾನೂ ತಡಕಾಡುತ್ತಿದ್ದೆವು. ಅವನು ಮಂಡಿ ಬಾಗಿಸಿ, ಬೆನ್ನು ನೆಟ್ಟಗಿರಿಸಿ, ಮಗುವನ್ನೆತ್ತುವಂತೆ ಅವರನ್ನು ಎತ್ತಿ ಕೂರಿಸಿದ. ಆ ಅಜ್ಜ ಅವನ ತೋಳನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅವನು ಪೂರ್ತಿ ಬದಲಾದನೆಂದು ಹೇಳಲಾರೆ. ಪುಡಿಯ ಡಬ್ಬ ಇನ್ನೂ ಮನೆಯಲ್ಲಿದೆ. ಆದರೆ ಶನಿವಾರಗಳಂದು ತಾನಾಗಿಯೇ ಬರತೊಡಗಿದ, ವೈದ್ಯರನ್ನೂ ಕಂಡು ಬಂದ.

ಕೊನೆಯದಾಗಿ ಒಂದು ಮಾತು. ‘ಬೇಡರ ಕಣ್ಣಪ್ಪ’ ಚಿತ್ರದ ಕಥೆ ನಿಮಗೆ ಗೊತ್ತು. ತಾನು ನಂಬಿದ ದೇವರಿಗಾಗಿ ಬೇಡನೊಬ್ಬ ತನ್ನ ಕಣ್ಣನ್ನೇ ಕಿತ್ತುಕೊಡುವ ಕಥೆ ಅದು. ಆ ಪಾತ್ರ ವಹಿಸಿದ ರಾಜಕುಮಾರ್ 2006ರಲ್ಲಿ ಅಗಲಿದಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಹದಿನೈದು ವರ್ಷಗಳ ನಂತರ ಮಗ ಪುನೀತ್ ಅವರ ಕಣ್ಣುಗಳೂ ದಾನವಾಗಿ, ನಾಲ್ವರಿಗೆ ಬೆಳಕು ಕೊಟ್ಟವು. ಅಭಿಮಾನಿಗಳು ಅವರ ತೋಳುಗಳನ್ನು ಮೆಚ್ಚಿದ್ದರು, ಕುಣಿತವನ್ನು ಮೆಚ್ಚಿದ್ದರು. ಆದರೆ ಇಂದಿಗೂ ಈ ನಾಡಿನಲ್ಲಿ ಲೋಕವನ್ನು ನೋಡುತ್ತಿರುವುದು ಅವರು ಕೊಟ್ಟುಹೋದ ಕಣ್ಣುಗಳು.

ಕಡೆಯ ಭೋಜನದಲ್ಲಿ ಯೇಸುಸ್ವಾಮಿ ರೊಟ್ಟಿಯನ್ನು ಮುರಿದು ತಮ್ಮ ಶಿಷ್ಯರಿಗೆ ಕೊಟ್ಟಾಗ ತಮ್ಮ ದೇಹದ ಬಗ್ಗೆ ಆಡಿದ ಮಾತನ್ನು ನಾವು ಪ್ರತಿ ಬಲಿಪೂಜೆಯಲ್ಲಿ ಕೇಳುತ್ತೇವೆ. ಅವರು ತಮ್ಮ ದೇಹವನ್ನು ನೋಡಿರೆಂದು ತೋರಿಸಲಿಲ್ಲ, ನಿಮಗಾಗಿ ಎಂದು ಕೊಟ್ಟರು. ಮುಂದಿನ ಭಾನುವಾರ ಪರಮಪ್ರಸಾದ ಸ್ವೀಕರಿಸಿ ಪೀಠಕ್ಕೆ ಮರಳಿದಾಗ, ನಿಮ್ಮ ಪಕ್ಕದಲ್ಲಿ ಕುಳಿತ ಮಗನಿಗಾಗಿ ಪ್ರಾರ್ಥಿಸಿರಿ. ದೇವರು ಅವನಿಗೆ ಬಲವಾದ ಮೈಯನ್ನು ಕೊಡಲಿ, ಆ ಬಲವನ್ನು ಯಾರಿಗಾಗಿ ಬಳಸಬೇಕೆಂಬ ತಿಳಿವನ್ನೂ ಕೊಡಲಿ.